ಹೆಲಿಕಾಪ್ಟರಿನ ನಾಡಿ ಹಿಡಿಯುವವರು

2023ರ ಮಾರ್ಚ್ 6. ಕಲಬುರಗಿ ಜಿಲ್ಲೆಯ ಜೇವರ್ಗಿಯಲ್ಲಿ ಮಾಜಿ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರಿದ್ದ ಹೆಲಿಕಾಪ್ಟರ್ ಇಳಿಯಬೇಕಿತ್ತು. ನೆಲ ಹತ್ತಿರವಾಗುತ್ತಿದ್ದಂತೆ ರೆಕ್ಕೆಗಳ ಗಾಳಿಯ ರಭಸಕ್ಕೆ ಹೆಲಿಪ್ಯಾಡ್ ಸುತ್ತ ಬಿದ್ದಿದ್ದ ಪ್ಲಾಸ್ಟಿಕ್ ಹಾಳೆ, ಚೀಲಗಳೆಲ್ಲ ಮೇಲೆದ್ದು ಹಾರಾಡತೊಡಗಿದವು. ಪೈಲಟ್ ಒಂದು ಕ್ಷಣವೂ ತಡಮಾಡಲಿಲ್ಲ. ಇಳಿಸುವುದನ್ನು ಅಲ್ಲಿಗೇ ಬಿಟ್ಟು ಹೆಲಿಕಾಪ್ಟರನ್ನು ಮತ್ತೆ ಮೇಲಕ್ಕೆತ್ತಿದರು. ಕಸ ತೆಗೆಸಿ ಜಾಗ ಚೊಕ್ಕ ಮಾಡಿದ ಮೇಲೆಯೇ ಅದು ನೆಲ ಮುಟ್ಟಿತು. ಯಾರಿಗೂ ಏನೂ ಆಗಲಿಲ್ಲ.

ಆ ದೃಶ್ಯ ಕಂಡ ಹಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿದಿರಬಹುದು. ಟನ್‌ಗಟ್ಟಲೆ ಭಾರದ ಯಂತ್ರ ಒಂದು ಪ್ಲಾಸ್ಟಿಕ್ ಹಾಳೆಗೆ ಹೆದರಬೇಕೆ?

ಹೆದರಲೇಬೇಕು. ಹಾಳೆ ಎಂಜಿನ್ನಿನ ಗಾಳಿ ಬಾಯಿಗೆ ಸಿಕ್ಕಿಕೊಂಡರೆ ಎಂಜಿನ್ನಿಗೆ ಉಸಿರುಕಟ್ಟುತ್ತದೆ. ರೆಕ್ಕೆಗೆ ಸುತ್ತಿಕೊಂಡರೆ ಆ ರೆಕ್ಕೆಯ ಆಕಾರವೂ ತೂಕವೂ ಬದಲಾಗುತ್ತವೆ. ತಿರುಗುವ ರೆಕ್ಕೆಯ ತುದಿಯಲ್ಲಿ ಕೆಲವೇ ಗ್ರಾಂ ವ್ಯತ್ಯಾಸ ಬಂದರೂ ಇಡೀ ಹೆಲಿಕಾಪ್ಟರ್ ನಡುಗುತ್ತದೆ. ಆ ನಡುಕವನ್ನು ಅಳೆದು, ಅದರ ಮೂಲ ಹುಡುಕಿ, ಅದು ಅಪಾಯದ ಮಟ್ಟ ಮುಟ್ಟುವ ಮೊದಲೇ ಸರಿಪಡಿಸುವ ಒಂದು ಕಸುಬು ಇದೆ. ಹೆಲಿಕಾಪ್ಟರ್ ಹತ್ತುವ ಮಂತ್ರಿಗಳ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಹಿಂದಿನ ದಿನ ಬೆಳಗ್ಗೆ ಅದರ ನಾಡಿ ಹಿಡಿದು ನೋಡಿದ ಮೆಕ್ಯಾನಿಕ್ ಯಾರ ಕಣ್ಣಿಗೂ ಬೀಳುವುದಿಲ್ಲ.

ಬಾಳೆಹಣ್ಣಿನ ಲೆಕ್ಕ

ಕಲಬುರಗಿಯಿಂದ ಕಮಲಾಪುರದ ಕಡೆಗೆ ಕಾರು ಓಡಿಸುವವರಿಗೆ ಈ ನಡುಕದ ಸಣ್ಣ ಪರಿಚಯ ಇದ್ದೇ ಇರುತ್ತದೆ. ಊರೊಳಗೆ ಸರಿಯಾಗಿಯೇ ಇದ್ದ ಗಾಡಿ, ಹುಮನಾಬಾದ್ ರಸ್ತೆಯಲ್ಲಿ ವೇಗ ಎಂಬತ್ತು ದಾಟುತ್ತಿದ್ದಂತೆ ಸ್ಟೇರಿಂಗ್ ಅದುರಿಸತೊಡಗುತ್ತದೆ. ಟೈರ್ ಅಂಗಡಿಗೆ ಹೋದರೆ ಅಲ್ಲಿನವನು ಗಾಲಿ ಬಿಚ್ಚಿ ಯಂತ್ರಕ್ಕೆ ಹಾಕಿ ತಿರುಗಿಸುತ್ತಾನೆ. ಎಷ್ಟು ಗ್ರಾಂ ಕಡಿಮೆ ಇದೆ, ಗಾಲಿಯ ಯಾವ ಜಾಗದಲ್ಲಿ ಕಡಿಮೆ ಇದೆ ಎಂದು ಯಂತ್ರ ತೋರಿಸುತ್ತದೆ. ಅವನು ಅಲ್ಲೊಂದು ಸಣ್ಣ ಲೋಹದ ತುಂಡು ಅಂಟಿಸುತ್ತಾನೆ. ನಡುಕ ಹೋಗುತ್ತದೆ. ಇದೇ ವೀಲ್ ಬ್ಯಾಲೆನ್ಸಿಂಗ್. ಹೆಲಿಕಾಪ್ಟರಿನಲ್ಲಿ ನಡೆಯುವುದೂ ಮೂಲದಲ್ಲಿ ಇದೇ ಕೆಲಸ. ಆದರೆ ಅಲ್ಲಿ ಗಾಲಿಯ ಜಾಗದಲ್ಲಿ ಆರೇಳು ಮೀಟರ್ ಉದ್ದದ ರೆಕ್ಕೆಗಳಿರುತ್ತವೆ. ಅವನ್ನು ಕಸುಬಿನವರು ಬ್ಲೇಡ್ ಎನ್ನುತ್ತಾರೆ. ಅವೆಲ್ಲ ಸೇರಿ ತಿರುಗುವ ಜೋಡಣೆಯೇ ರೋಟರ್.

ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಧ್ರುವ್ ಹೆಲಿಕಾಪ್ಟರನ್ನೇ ತೆಗೆದುಕೊಳ್ಳೋಣ. 1992ರ ಆಗಸ್ಟ್ 20ರಂದು ಅದು ಮೊದಲ ಬಾರಿ ಹಾರಿತು. ಅದರ ನೆತ್ತಿಯ ಮೇಲೆ ನಾಲ್ಕು ಬ್ಲೇಡುಗಳಿವೆ. ಅವು ತಿರುಗುವಾಗ ಮೂಡುವ ವೃತ್ತದ ಅಡ್ಡಳತೆ 13.2 ಮೀಟರ್. ನಿಮಿಷಕ್ಕೆ ಸುಮಾರು 314 ಸುತ್ತು, ಅಂದರೆ ಸೆಕೆಂಡಿಗೆ ಐದಕ್ಕೂ ಹೆಚ್ಚು. ಬ್ಲೇಡಿನ ತುದಿ ಗಂಟೆಗೆ ಸುಮಾರು 780 ಕಿಲೋಮೀಟರ್ ವೇಗದಲ್ಲಿ ಗಾಳಿ ಸೀಳುತ್ತಿರುತ್ತದೆ.

ಕವಣೆಯಲ್ಲಿ ಕಲ್ಲಿಟ್ಟು ಬೀಸುವವರಿಗೆ ಗೊತ್ತು, ಬೀಸಿದಷ್ಟೂ ಕಲ್ಲು ಕೈಯನ್ನು ಹೊರಗೆ ಎಳೆಯುತ್ತದೆ. ಶಾಲೆಯ ಭೌತಶಾಸ್ತ್ರದ ಸೂತ್ರ ಹಿಡಿದು ಲೆಕ್ಕ ಹಾಕಿದರೆ, ಧ್ರುವ್ ಬ್ಲೇಡಿನ ತುದಿಯಲ್ಲಿರುವ ಪ್ರತಿ ಒಂದು ಗ್ರಾಂ ತೂಕ ಸುಮಾರು 725 ಗ್ರಾಂನಷ್ಟು ಬಲದಿಂದ ಹೊರಗೆ ಜಗ್ಗುತ್ತದೆ. ಸುಮಾರು 7.7 ಗ್ರಾಂ ತೂಗುವ ಹತ್ತು ರೂಪಾಯಿ ನಾಣ್ಯವನ್ನು ಒಂದು ಬ್ಲೇಡಿನ ತುದಿಗೆ ಮಾತ್ರ ಅಂಟಿಸಿದರೆ ಅದು ಐದೂವರೆ ಕಿಲೋ ಬಲದಿಂದ ಎಳೆಯುತ್ತದೆ. ನೂರು ಗ್ರಾಂ ತೂಗುವ ಕಮಲಾಪುರದ ಒಂದು ಕೆಂಪು ಬಾಳೆಹಣ್ಣನ್ನು ಅಲ್ಲಿ ಕಟ್ಟಿದೆವೆಂದುಕೊಳ್ಳಿ. ಆಗ ಎಳೆತ 72 ಕಿಲೋ ದಾಟುತ್ತದೆ. ಒಬ್ಬ ಆಳು ರೋಟರಿನ ತುದಿಗೆ ಜೋತುಬಿದ್ದು ಸೆಕೆಂಡಿಗೆ ಐದು ಸಲ ಹೆಲಿಕಾಪ್ಟರನ್ನು ಎಡಕ್ಕೂ ಬಲಕ್ಕೂ ಜಗ್ಗಿದಂತೆ.

ನಾಲ್ಕೂ ಬ್ಲೇಡು ಒಂದೇ ತೂಕ ಇದ್ದಾಗ ನಾಲ್ಕು ದಿಕ್ಕಿನ ಎಳೆತ ಒಂದನ್ನೊಂದು ಅಳಿಸಿಹಾಕುತ್ತದೆ. ಆದರೆ ಬ್ಲೇಡುಗಳು ಹೊರಗೆ ದುಡಿಯುವ ವಸ್ತುಗಳು. ಧೂಳು, ಮರಳು ಅವುಗಳ ಮುಂದಿನ ಅಂಚನ್ನು ಸವೆಸುತ್ತವೆ. ಬಣ್ಣ ಎದ್ದುಹೋಗುತ್ತದೆ, ದುರಸ್ತಿ ಮಾಡಿದ ಕಡೆ ತೇಪೆ ಸೇರುತ್ತದೆ, ಮಳೆನೀರು ಒಳಗೆ ಇಳಿದು ನಿಲ್ಲುವುದೂ ಉಂಟು. ಕಪ್ಪುಮಣ್ಣಿನ ನಾಡಿನಲ್ಲಿ ಹೆಲಿಕಾಪ್ಟರ್ ಇಳಿಯುವ ಮುನ್ನ ಹೆಲಿಪ್ಯಾಡಿಗೆ ಟ್ಯಾಂಕರಿನಿಂದ ನೀರು ಹೊಡೆಸುವುದನ್ನು ಜನ ನೋಡಿರುತ್ತಾರೆ. ನೋಡಲು ಬಂದವರ ಕಣ್ಣಿಗೆ ಧೂಳು ಬೀಳದಿರಲಿ ಎಂಬುದು ಅದರ ಒಂದು ಕಾರಣ. ಪೈಲಟ್‌ಗೆ ನೆಲ ಕಾಣಬೇಕು, ಬ್ಲೇಡು ಮತ್ತು ಎಂಜಿನ್ನು ಸವೆಯಬಾರದು ಎಂಬುದು ಅದಕ್ಕಿಂತ ದೊಡ್ಡ ಕಾರಣ.

ಒಂದೇ ದಾರಿಯಲ್ಲಿ ನಡೆಯಬೇಕು

ತೂಕ ಸರಿಹೋದರೆ ಅರ್ಧ ಕೆಲಸ ಮುಗಿದಂತೆ. ಇನ್ನರ್ಧಕ್ಕೆ ‘ಟ್ರ್ಯಾಕ್’ ಎಂದು ಹೆಸರು. ರೋಟರ್ ತಿರುಗುವಾಗ ಎಲ್ಲ ಬ್ಲೇಡುಗಳ ತುದಿಗಳೂ ಒಂದೇ ಎತ್ತರದಲ್ಲಿ, ಒಂದರ ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆಯಿಟ್ಟಂತೆ ಹಾದುಹೋಗಬೇಕು. ಒಂದು ಬ್ಲೇಡಿನ ಓರೆ ಕೂದಲೆಳೆಯಷ್ಟು ಹೆಚ್ಚಾದರೂ ಅದು ಹೆಚ್ಚು ಗಾಳಿಯನ್ನು ಕೆಳಗೆ ತಳ್ಳಿ, ತಾನು ಉಳಿದವುಗಳಿಗಿಂತ ಮೇಲೆ ಹಾರುತ್ತದೆ. ಆಗ ಪ್ರತಿ ಸುತ್ತಿಗೊಮ್ಮೆ ಹೆಲಿಕಾಪ್ಟರ್ ಕುಕ್ಕುತ್ತದೆ.

ಹೀಗೆ ಎರಡು ನಮೂನೆಯ ನಡುಕ ಹುಟ್ಟುತ್ತದೆ. ತೂಕ ತಪ್ಪಿದರೆ ಹೆಲಿಕಾಪ್ಟರ್ ಅಕ್ಕಪಕ್ಕಕ್ಕೆ ಓಲಾಡುತ್ತದೆ. ಟ್ರ್ಯಾಕ್ ತಪ್ಪಿದರೆ ಮೇಲೆ ಕೆಳಗೆ ಕುಣಿಯುತ್ತದೆ. ಅನುಭವಿ ಪೈಲಟ್ ಕುರ್ಚಿಯಲ್ಲಿ ಕೂತಲ್ಲೇ ಇವೆರಡನ್ನೂ ಬೇರ್ಪಡಿಸಿ ಹೇಳಬಲ್ಲರು. ಬಾಲದಲ್ಲಿರುವ ಸಣ್ಣ ರೋಟರ್ ಕೆಟ್ಟಿದ್ದರೆ ಅದು ಬಹಳ ವೇಗವಾಗಿ ತಿರುಗುವುದರಿಂದ ನಡುಕ ಝುಂ ಎಂದು ಕಾಲಡಿಯ ಪೆಡಲುಗಳಲ್ಲಿ ಗೊತ್ತಾಗುತ್ತದೆ.

ಮನುಷ್ಯನ ಮೈಗೂ ಇದರ ನಂಟಿದೆ. ಕೂತ ವ್ಯಕ್ತಿಯ ದೇಹ ಮೇಲೆ ಕೆಳಗಿನ ಅದುರಿಕೆಗೆ ಅತಿ ಹೆಚ್ಚು ಸ್ಪಂದಿಸುವುದು ಸೆಕೆಂಡಿಗೆ 4ರಿಂದ 8 ಸಲದ ಮಟ್ಟದಲ್ಲಿ. ಧ್ರುವ್ ರೋಟರಿನ ಸುತ್ತು ಬಿದ್ದಿರುವುದೂ ಇದೇ ಮಟ್ಟದಲ್ಲಿ. ಸರಿಪಡಿಸದ ರೋಟರಿನ ಕೆಳಗೆ ಗಂಟೆಗಟ್ಟಲೆ ಕೂತರೆ ಬೆನ್ನು ನೋಯುತ್ತದೆ, ಮೀಟರುಗಳ ಮುಳ್ಳು ಮಸುಕಾಗಿ ಕಾಣುತ್ತದೆ, ಮೈ ಬೇಗ ದಣಿಯುತ್ತದೆ. ಯಂತ್ರಕ್ಕೂ ಹಾಗೆಯೇ. ಬೋಲ್ಟು ಸಡಿಲಾಗುತ್ತದೆ, ತಂತಿ ಉಜ್ಜಿ ಸವೆಯುತ್ತದೆ, ಬೇರಿಂಗ್ ಬೇಗ ಹೋಗುತ್ತದೆ, ಲೋಹದಲ್ಲಿ ಕಣ್ಣಿಗೆ ಕಾಣದ ಬಿರುಕು ಹುಟ್ಟಿ ದಿನದಿಂದ ದಿನಕ್ಕೆ ಬೆಳೆಯುತ್ತದೆ.

ಬಾವುಟ ಹಿಡಿದು ನಿಂತ ಕಾಲ

ಹೆಲಿಕಾಪ್ಟರುಗಳ ಆರಂಭದ ದಿನಗಳಲ್ಲಿ ಟ್ರ್ಯಾಕ್ ನೋಡುವ ಉಪಾಯ ಸರಳವಾಗಿತ್ತು. ಎದೆ ಗಟ್ಟಿ ಇದ್ದವರಿಗೆ ಮಾತ್ರ ಸಾಧ್ಯವಾಗಿತ್ತು. ಪ್ರತಿ ಬ್ಲೇಡಿನ ತುದಿಗೆ ಬೇರೆ ಬೇರೆ ಬಣ್ಣದ ಸೀಮೆಸುಣ್ಣ ಅಥವಾ ಬಣ್ಣದ ಕಡ್ಡಿ ಬಳಿಯುತ್ತಿದ್ದರು. ಉದ್ದನೆಯ ಕೋಲಿಗೆ ಬಿಳಿಯ ಕ್ಯಾನ್ವಾಸ್ ಬಟ್ಟೆಯನ್ನು ಬಿಗಿಯಾಗಿ ಕಟ್ಟಿ ಬಾವುಟದಂತೆ ಮಾಡುತ್ತಿದ್ದರು. ರೋಟರ್ ಪೂರ್ತಿ ವೇಗದಲ್ಲಿ ತಿರುಗುವಾಗ ಒಬ್ಬ ಮೆಕ್ಯಾನಿಕ್ ಆ ಕೋಲನ್ನು ನೆಟ್ಟಗೆ ಹಿಡಿದು ಮೆಲ್ಲಗೆ ಬ್ಲೇಡುಗಳ ತುದಿಗೆ ಸೋಕಿಸುತ್ತಿದ್ದ. ಪಟಪಟ ಸದ್ದಾಗಿ ಬಟ್ಟೆಯ ಮೇಲೆ ಬಣ್ಣದ ಗೀರುಗಳು ಬೀಳುತ್ತಿದ್ದವು. ಎಲ್ಲ ಗೀರುಗಳೂ ಒಂದರ ಮೇಲೊಂದು ಬಿದ್ದಿದ್ದರೆ ಟ್ರ್ಯಾಕ್ ಸರಿ. ಕೆಂಪು ಗೀರು ಮಾತ್ರ ಮೇಲೆ ಬಿದ್ದಿದ್ದರೆ ಆ ಬಣ್ಣದ ಬ್ಲೇಡು ಮೇಲೆ ಹಾರುತ್ತಿದೆ ಎಂದರ್ಥ. ಬ್ಲೇಡುಗಳನ್ನು ಕೆಂಪು, ನೀಲಿ, ಹಳದಿ ಎಂದು ಬಣ್ಣದ ಹೆಸರಿನಿಂದಲೇ ಕರೆಯುವ ರೂಢಿ ಇಂದಿಗೂ ಅನೇಕ ಹೆಲಿಕಾಪ್ಟರುಗಳಲ್ಲಿ ಉಳಿದಿದೆ.

ಒಂದು ಹೆಜ್ಜೆ ಮುಂದೆ ಇಟ್ಟರೂ, ಗಾಳಿ ಕೋಲನ್ನು ಒಳಗೆ ತಳ್ಳಿದರೂ ಅನಾಹುತ. ಮೇಲಾಗಿ ಈ ಉಪಾಯ ನೆಲದ ಮೇಲೆ ಮಾತ್ರ ನಡೆಯುತ್ತಿತ್ತು. ಹೆಲಿಕಾಪ್ಟರ್ ಮುಂದಕ್ಕೆ ಹಾರುವಾಗ ಬ್ಲೇಡುಗಳು ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ಬಾವುಟ ಹೇಳುತ್ತಿರಲಿಲ್ಲ. ನಿಂತಲ್ಲಿ ಸರಿಯಿದ್ದ ಟ್ರ್ಯಾಕ್ ವೇಗ ಏರಿದಂತೆ ತಪ್ಪುವುದು ಸಾಮಾನ್ಯ.

ಈ ಕೊರತೆ ನೀಗಿಸಿದ್ದು ಬೆಳಕು. ಅಮೆರಿಕದ ಚಾಡ್ವಿಕ್ ಹೆಲ್ಮುತ್ ಕಂಪನಿಯ ‘ಸ್ಟ್ರೋಬೆಕ್ಸ್’ ದೀಪ ಮತ್ತು ‘ವೈಬ್ರೆಕ್ಸ್’ ಪೆಟ್ಟಿಗೆ ಒಂದು ಕಾಲದಲ್ಲಿ ಹೆಲಿಕಾಪ್ಟರ್ ಹ್ಯಾಂಗರುಗಳಲ್ಲಿ ಮನೆಮಾತಾಗಿದ್ದವು. ಜಾತ್ರೆ, ಮದುವೆಯ ಡಿ.ಜೆ. ದೀಪ ಪಟಪಟ ಮಿಂಚುವಾಗ ಕುಣಿಯುವವರು ಅಲ್ಲಲ್ಲೇ ನಿಂತಂತೆ ಕಾಣುವುದಿಲ್ಲವೆ? ಅದೇ ತಂತ್ರ. ಬ್ಲೇಡು ಒಂದೇ ಜಾಗಕ್ಕೆ ಬಂದಾಗಲೆಲ್ಲ ದೀಪ ಒಮ್ಮೆ ಮಿಂಚುತ್ತದೆ. ಬ್ಲೇಡಿನ ತುದಿಗೆ ಅಂಟಿಸಿದ ಹೊಳೆಯುವ ಗುರುತುಗಳು ಕ್ಯಾಬಿನ್ನಿನ ಒಳಗಿಂದ ನೋಡುವವನಿಗೆ ಗಾಳಿಯಲ್ಲಿ ನಿಂತುಬಿಟ್ಟಂತೆ ಕಾಣುತ್ತವೆ. ಒಂದು ಗುರುತಿನಲ್ಲಿ ಅಡ್ಡಗೆರೆ, ಇನ್ನೊಂದರಲ್ಲಿ ಉದ್ದಗೆರೆ ಇರುವುದರಿಂದ ಯಾವ ಬ್ಲೇಡು ಮೇಲಿದೆ, ಯಾವುದು ಕೆಳಗಿದೆ ಎಂಬುದು ಹಾರುತ್ತಿರುವಾಗಲೇ ತಿಳಿಯುತ್ತದೆ. ಕೋಲು ಹಿಡಿದು ರೋಟರಿನ ಕೆಳಗೆ ನಿಲ್ಲುವ ಗಂಡಾಂತರ ತಪ್ಪಿತು.

ಗ್ಯಾಸ್ ಲೈಟರಿನೊಳಗಿನ ಗುಟ್ಟು

ಇಂದಿನ ಉಪಕರಣಗಳಲ್ಲಿ ಮುಖ್ಯವಾಗಿ ಮೂರು ಭಾಗಗಳಿವೆ.

ಮೊದಲನೆಯದು ನಡುಕ ಅಳೆಯುವ ಅಕ್ಸೆಲೆರೋಮೀಟರ್. ಹೆಬ್ಬೆರಳಿನ ಗಾತ್ರದ ಲೋಹದ ಗುಂಡಿ ಅದು. ಅದರ ಗುಟ್ಟು ಎಲ್ಲರ ಅಡುಗೆಮನೆಯಲ್ಲೂ ಇದೆ. ಗ್ಯಾಸ್ ಲೈಟರಿನ ಗುಂಡಿ ಒತ್ತಿದಾಗ ಟಕ್ ಎಂದು ಕಿಡಿ ಹಾರುತ್ತದೆ. ಅದರೊಳಗಿನ ಹರಳಿನಂಥ ವಸ್ತುವಿಗೆ ಪೆಟ್ಟು ಬಿದ್ದರೆ ವಿದ್ಯುತ್ ಹುಟ್ಟುತ್ತದೆ. ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಪಿಯರ್ ಕ್ಯೂರಿ ಮತ್ತು ಅವರ ಅಣ್ಣ ಜಾಕ್ ಕ್ಯೂರಿ ಕಂಡುಹಿಡಿದರು. ಅಕ್ಸೆಲೆರೋಮೀಟರಿನಲ್ಲಿ ಅಂಥದೇ ಹರಳಿನ ಮೇಲೆ ಒಂದು ಪುಟ್ಟ ತೂಕ ಕೂತಿರುತ್ತದೆ. ಹೆಲಿಕಾಪ್ಟರ್ ಅದುರಿದಂತೆಲ್ಲ ಆ ತೂಕ ಹರಳನ್ನು ಒತ್ತುತ್ತದೆ, ಬಿಡುತ್ತದೆ. ಒತ್ತಿದಷ್ಟೂ ವಿದ್ಯುತ್ತು. ಕ್ಯಾಬಿನ್ನಿನಲ್ಲಿ, ರೋಟರಿನ ಗೇರ್‌ಬಾಕ್ಸ್ ಬಳಿ, ಬಾಲದಲ್ಲಿ ಇವನ್ನು ಬಿಗಿಯುತ್ತಾರೆ.

ಎರಡನೆಯದು ಸುತ್ತು ಎಣಿಸುವ ಸಾಧನ. ರೋಟರಿನ ತಿರುಗುವ ಭಾಗದಲ್ಲಿ ಒಂದು ಲೋಹದ ಚೂರು, ಅದರ ಎದುರಿನ ನಿಂತ ಭಾಗದಲ್ಲಿ ಒಂದು ಅಯಸ್ಕಾಂತದ ಸೆನ್ಸರ್. ಚೂರು ಎದುರು ಹಾದಾಗಲೆಲ್ಲ ಸೆನ್ಸರ್ ಒಂದು ಸಂಕೇತ ಕೊಡುತ್ತದೆ. ಹೊಳೆಯುವ ಪಟ್ಟಿ ಅಂಟಿಸಿ ಬೆಳಕಿನ ಸೆನ್ಸರಿನಿಂದ ಎಣಿಸುವುದೂ ಉಂಟು. ಸುತ್ತು ಯಾವ ಗಳಿಗೆಯಲ್ಲಿ ಶುರುವಾಯಿತು ಎಂಬುದು ಗೊತ್ತಾಗದಿದ್ದರೆ ನಡುಕ ಎಷ್ಟಿದೆ ಎಂದು ತಿಳಿದೀತು, ಅದು ಯಾವ ಬ್ಲೇಡಿನದು ಎಂಬುದು ತಿಳಿಯುವುದಿಲ್ಲ. ಹಾಗಾಗಿ ಮೆಕ್ಯಾನಿಕ್‌ಗಳು ರೋಟರಿನ ವೃತ್ತವನ್ನು ಗಡಿಯಾರದ ಮುಖದಂತೆ ಹನ್ನೆರಡು ಪಾಲು ಮಾಡಿಕೊಳ್ಳುತ್ತಾರೆ. ‘ನಡುಕ ನಾಲ್ಕು ಗಂಟೆಗೆ ಬೀಳುತ್ತಿದೆ’ ಎಂಬುದು ಅವರ ಮಾತಿನ ಧಾಟಿ.

ಮೂರನೆಯದು ಟ್ರ್ಯಾಕ್ ನೋಡುವ ಕಣ್ಣು. ಹೆಲಿಕಾಪ್ಟರಿನ ಮುಂಭಾಗದಲ್ಲಿ ಆಕಾಶದತ್ತ ಮುಖಮಾಡಿ ಕೂತ ಬೆಳಕಿನ ಸೆನ್ಸರ್ ಎರಡು ಬೇರೆ ಬೇರೆ ಕೋನಗಳಲ್ಲಿ ಮೇಲೆ ನೋಡುತ್ತದೆ. ಬ್ಲೇಡು ಮೊದಲ ನೋಟವನ್ನೂ ಎರಡನೆಯ ನೋಟವನ್ನೂ ದಾಟಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬ ಸೂಕ್ಷ್ಮ ಲೆಕ್ಕದಿಂದ ಅದರ ಎತ್ತರ ತಿಳಿಯುತ್ತದೆ. ಮೇಲಿದ್ದ ಬ್ಲೇಡಿಗೆ ಹೆಚ್ಚು ಹೊತ್ತು, ಕೆಳಗಿದ್ದುದಕ್ಕೆ ಕಡಿಮೆ ಹೊತ್ತು. ಮಿಲಿಮೀಟರುಗಳ ವ್ಯತ್ಯಾಸವೂ ಹೀಗೆ ಸಿಕ್ಕಿಬೀಳುತ್ತದೆ.

ಈ ಮೂರೂ ಸೆನ್ಸರುಗಳ ತಂತಿಗಳು ಒಂದು ಪೆಟ್ಟಿಗೆಗೆ ಬಂದು ಸೇರುತ್ತವೆ. ಅಲ್ಲಿ ಬರುವುದು ನೂರಾರು ನಡುಕಗಳ ಕಲಸುಮೇಲೋಗರ: ರೋಟರಿನದು, ಬಾಲದ್ದು, ಎಂಜಿನ್ನಿನದು, ಗೇರಿನ ಒಂದೊಂದು ಹಲ್ಲಿನದು. ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ತೇರು ಎಳೆಯುವಾಗಿನ ಗದ್ದಲದಲ್ಲಿ ಡೊಳ್ಳು ಯಾವುದು, ಹಲಗೆ ಯಾವುದು ಎಂದು ಕಿವಿ ಬೇರ್ಪಡಿಸುತ್ತದೆ. ಪೆಟ್ಟಿಗೆ ಇದನ್ನೇ ಗಣಿತದಿಂದ ಮಾಡುತ್ತದೆ. ಯಾವುದೇ ಸಂಕೀರ್ಣ ಅಲೆಯನ್ನು ಸರಳ ಅಲೆಗಳಾಗಿ ಬಿಡಿಸಬಹುದು ಎಂಬ ದಾರಿಯನ್ನು ಫ್ರೆಂಚ್ ಗಣಿತಜ್ಞ ಜೋಸೆಫ್ ಫೂರಿಯೆ 1822ರ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಆ ಲೆಕ್ಕವನ್ನು ಕಂಪ್ಯೂಟರ್ ಚಿಟಿಕೆ ಹೊಡೆಯುವಷ್ಟರಲ್ಲಿ ಮಾಡುವ ವಿಧಾನವನ್ನು 1965ರಲ್ಲಿ ಕೂಲಿ ಮತ್ತು ಟ್ಯೂಕಿ ಎಂಬ ಇಬ್ಬರು ಪ್ರಕಟಿಸಿದರು. ಇಂದು ಹ್ಯಾಂಗರಿನ ಮೆಕ್ಯಾನಿಕ್ ಕೈಯಲ್ಲಿರುವ ಪೆಟ್ಟಿಗೆ ಈ ಎರಡು ಶತಮಾನಗಳ ಗಣಿತದ ಫಲ.

ಫ್ಲ್ಯಾಟ್, ಟ್ಯಾಬ್, ತೂಕ

ಕೆಲಸ ಶುರುವಾಗುವುದು ಬೆಳಗಿನ ಜಾವ. ಬಿಸಿಲೇರಿ ನೆಲ ಕಾದರೆ ಗಾಳಿ ಕದಡುತ್ತದೆ, ಗಾಳಿಯ ಕುಲುಕಾಟ ರೋಟರಿನ ಕುಲುಕಾಟದೊಡನೆ ಬೆರೆತುಹೋಗುತ್ತದೆ. ಮೊದಲು ನೆಲದ ಮೇಲೆ ಪೂರ್ತಿ ಸುತ್ತಿನಲ್ಲಿ ಒಂದು ಅಳತೆ. ಆಮೇಲೆ ಆಳೆತ್ತರದಲ್ಲಿ ನಿಂತ ನಿಲುವಿನಲ್ಲಿ ಒಂದು. ಆಮೇಲೆ ಬೇರೆ ಬೇರೆ ವೇಗಗಳಲ್ಲಿ ಹಾರುತ್ತ ಸಾಲುಸಾಲು ಅಳತೆಗಳು. ಇಳಿದ ಮೇಲೆ ಪೆಟ್ಟಿಗೆಯ ಪರದೆಯಲ್ಲಿ ಏನು ಬದಲಾಯಿಸಬೇಕೆಂಬ ಸಲಹೆ ಮೂಡುತ್ತದೆ.

ಬದಲಾಯಿಸುವ ಜಾಗಗಳು ಮೂರು. ಬ್ಲೇಡಿನ ಓರೆಯನ್ನು ಹಿಡಿದಿಡುವ ಕಡ್ಡಿಯಂಥ ಭಾಗಕ್ಕೆ ಪಿಚ್ ಲಿಂಕ್ ಎನ್ನುತ್ತಾರೆ. ಅದನ್ನು ಉದ್ದ ಅಥವಾ ಗಿಡ್ಡ ಮಾಡಿದರೆ ಬ್ಲೇಡು ಮೇಲೇರುತ್ತದೆ ಅಥವಾ ಇಳಿಯುತ್ತದೆ. ಅದರ ಅಳತೆ ಕೂಡ ಕಸುಬಿನದೇ: ಆರು ಮುಖದ ನಟ್ಟನ್ನು ಒಂದು ಮುಖದಷ್ಟು, ಅಂದರೆ ಆರನೆಯ ಒಂದು ಸುತ್ತು ತಿರುಗಿಸಿದರೆ ‘ಒಂದು ಫ್ಲ್ಯಾಟ್’. ಎರಡನೆಯದು ಬ್ಲೇಡಿನ ಹಿಂದಿನ ಅಂಚಿನಲ್ಲಿರುವ ಅಂಗೈಯಗಲದ ಲೋಹದ ಪಟ್ಟಿ, ಟ್ರಿಮ್ ಟ್ಯಾಬ್. ಅದನ್ನು ವಿಶೇಷ ಇಕ್ಕಳದಲ್ಲಿ ಹಿಡಿದು ಅಳತೆ ನೋಡುತ್ತ ಚೂರೇ ಚೂರು ಬಗ್ಗಿಸುತ್ತಾರೆ. ಗಾಳಿ ಜೋರಾದಷ್ಟೂ ಅದರ ಪ್ರಭಾವ ಹೆಚ್ಚು. ಆದ್ದರಿಂದ ವೇಗದಲ್ಲಿ ತಪ್ಪುವ ಟ್ರ್ಯಾಕಿಗೆ ಇದೇ ಮದ್ದು. ಮೂರನೆಯದು ಬ್ಲೇಡಿಗೆ ಅಥವಾ ರೋಟರಿನ ನಡುಗುಂಬಕ್ಕೆ ಸೇರಿಸುವ ಸಣ್ಣ ತೂಕದ ಬಿಲ್ಲೆಗಳು.

ಒಂದನ್ನು ಮುಟ್ಟಿದರೆ ಇನ್ನೆರಡೂ ಅಲ್ಪಸ್ವಲ್ಪ ಅಲುಗುತ್ತವೆ. ಹೀಗಾಗಿ ಹಾರಿಸಿ, ಅಳೆದು, ಇಳಿಸಿ, ತಿದ್ದಿ, ಮತ್ತೆ ಹಾರಿಸಬೇಕು. ನಡುಕವನ್ನು ‘ಐಪಿಎಸ್’ ಎಂಬ ಅಳತೆಯಲ್ಲಿ ಹೇಳುವುದು ವಾಡಿಕೆ, ಸೆಕೆಂಡಿಗೆ ಎಷ್ಟು ಇಂಚು ಎಂದರ್ಥ. ಪ್ರತಿ ಹೆಲಿಕಾಪ್ಟರಿನ ಕೈಪಿಡಿ ತನ್ನದೇ ಮಿತಿ ಹೇಳುತ್ತದೆ. ಸಾಮಾನ್ಯವಾಗಿ ಎಲ್ಲರೂ ಗುರಿಯಿಡುವುದು 0.2ಕ್ಕಿಂತ ಕೆಳಗೆ. ಅಂದರೆ ಸೆಕೆಂಡಿಗೆ ಸುಮಾರು 5 ಮಿಲಿಮೀಟರ್. ಪೆಟ್ಟಿಗೆ ಬುದ್ಧಿವಂತವಾಗಿದ್ದರೂ ಸೆನ್ಸರಿನ ಬೋಲ್ಟು ಸಡಿಲಿದ್ದರೆ, ಬೇರಿಂಗ್ ಸವೆದಿದ್ದರೆ ಅದು ಕೊಡುವ ಸಲಹೆಯೂ ದಾರಿ ತಪ್ಪಿಸುತ್ತದೆ. ಅದಕ್ಕೇ ಪಳಗಿದ ಮೆಕ್ಯಾನಿಕ್ ತೂಕದ ಬಿಲ್ಲೆಗೆ ಕೈಹಾಕುವ ಮುನ್ನ ಎಲ್ಲ ಕೀಲುಗಳನ್ನೂ ಕೈಯಿಂದ ಅಲುಗಾಡಿಸಿ ನೋಡುತ್ತಾನೆ.

ಇಷ್ಟೆಲ್ಲ ಮಾಡಿದರೂ ಹೋಗದ ಒಂದು ನಡುಕವಿದೆ. ಹೆಲಿಕಾಪ್ಟರ್ ಮುಂದೆ ಹಾರುವಾಗ ಒಂದು ಬದಿಯ ಬ್ಲೇಡು ಎದುರುಗಾಳಿಗೆ ನುಗ್ಗುತ್ತದೆ, ಇನ್ನೊಂದು ಬದಿಯದು ಹಿಂದಕ್ಕೆ ಸರಿಯುತ್ತದೆ. ಈ ಅಸಮಾನತೆಯಿಂದ ಬ್ಲೇಡುಗಳ ಸಂಖ್ಯೆಗೆ ತಕ್ಕಂತೆ ಅದುರಿಕೆ ಹುಟ್ಟುತ್ತದೆ. ಧ್ರುವ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 21 ಸಲ. ಎಲ್ಲ ಬ್ಲೇಡೂ ಅಚ್ಚುಕಟ್ಟಾಗಿದ್ದರೂ ಅದು ಇರುತ್ತದೆ. ಅದನ್ನು ಹೀರಿಕೊಳ್ಳಲು ಧ್ರುವ್‌ನ ಗೇರ್‌ಬಾಕ್ಸ್ ಮತ್ತು ಒಡಲಿನ ನಡುವೆ ‘ಆರಿಸ್’ ಎಂಬ ವ್ಯವಸ್ಥೆ ಇಟ್ಟಿದ್ದಾರೆ. ರೋಟರಿನ ನಡುಕ ಒಡಲಿಗೆ ಇಳಿಯುವ ಮುನ್ನ ಅದಕ್ಕೆ ವಿರುದ್ಧವಾದ ನಡುಕ ಎಬ್ಬಿಸಿ ಎರಡನ್ನೂ ಅಡಗಿಸುವ ಏರ್ಪಾಟು ಅದು.

ನಡುಕ ಮೊದಲೇ ಹೇಳುತ್ತದೆ

1986ರ ನವೆಂಬರ್ 6ರಂದು ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಬಳಿ, ಸಮುದ್ರದ ತೈಲ ಬಾವಿಗಳಿಂದ ಕೆಲಸಗಾರರನ್ನು ಕರೆತರುತ್ತಿದ್ದ ಚಿನೂಕ್ ಹೆಲಿಕಾಪ್ಟರ್ ನೀರಿಗೆ ಬಿತ್ತು. 45 ಜನ ಸತ್ತರು, ಇಬ್ಬರು ಮಾತ್ರ ಉಳಿದರು. ಗೇರ್‌ಬಾಕ್ಸಿನ ಒಂದು ಗೇರ್ ಮುರಿದು, ಮುಂದಿನ ಹಿಂದಿನ ಎರಡೂ ರೋಟರುಗಳ ಹೊಂದಾಣಿಕೆ ತಪ್ಪಿ ಬ್ಲೇಡುಗಳು ಡಿಕ್ಕಿ ಹೊಡೆದಿದ್ದವು. ಗೇರಿನಲ್ಲಿ ಬಿರುಕು ಬೆಳೆಯುತ್ತಿರುವುದನ್ನು ಹಾರಾಟದಲ್ಲೇ ಹಿಡಿಯುವ ದಾರಿ ಬೇಕೆಂಬ ಕೂಗಿಗೆ ಈ ದುರಂತ ಬಲ ಕೊಟ್ಟಿತು. 1991ರ ಹೊತ್ತಿಗೆ ಉತ್ತರ ಸಮುದ್ರದ ಹೆಲಿಕಾಪ್ಟರುಗಳಲ್ಲಿ ಸೆನ್ಸರುಗಳು ಕಾಯಂ ಆಗಿ ಕೂರತೊಡಗಿದವು. ‘ಹಮ್ಸ್’ ಎಂದು ಕರೆಯುವ ಈ ವ್ಯವಸ್ಥೆ ಪ್ರತಿ ಹಾರಾಟದ ನಡುಕವನ್ನೂ ಬರೆದಿಡುತ್ತದೆ. ನಿನ್ನೆಯದಕ್ಕಿಂತ ಇಂದಿನದು ಹೆಚ್ಚಿದ್ದರೆ ಕೂಡಲೇ ತೋರಿಸುತ್ತದೆ. ರೋಗ ಬಂದ ಮೇಲೆ ಡಾಕ್ಟರನ್ನು ಹುಡುಕುವ ಬದಲು ದಿನವೂ ಬಿ.ಪಿ. ನೋಡಿ ಬರೆದಿಟ್ಟುಕೊಂಡಂತೆ.

ನಮ್ಮ ದೇಶಕ್ಕೂ ಇಂಥ ಪಾಠ ಹೊಸದಲ್ಲ. 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ರಕ್ಷಣಾ ಪಡೆಯ ಧ್ರುವ್ ಬಿದ್ದು ಮೂವರು ಪ್ರಾಣ ಕಳೆದುಕೊಂಡರು. ಪೈಲಟ್‌ನ ಕೈಚಲನೆಯನ್ನು ತಿರುಗುವ ಬ್ಲೇಡುಗಳಿಗೆ ದಾಟಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಮುರಿದಿರುವುದು ತನಿಖೆಯಲ್ಲಿ ಕಂಡಿತು. ಮುನ್ನೂರಕ್ಕೂ ಹೆಚ್ಚು ಧ್ರುವ್‌ಗಳ ಹಾರಾಟ ನಿಂತಿತು. ಪರೀಕ್ಷೆಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೆರವು ಪಡೆಯಲಾಯಿತು. ಸುಮಾರು ನಾಲ್ಕು ತಿಂಗಳ ನಂತರ ಭೂಸೇನೆ ಮತ್ತು ವಾಯುಸೇನೆಯ ಧ್ರುವ್‌ಗಳಿಗೆ ಮತ್ತೆ ಹಾರಲು ಅನುಮತಿ ಸಿಕ್ಕಿತು. ತಿರುಗುವ ಒಂದು ಭಾಗದ ಮೇಲೆ ದಿನನಿತ್ಯ ಎಷ್ಟು ಭಾರ ಬೀಳುತ್ತದೆ ಎಂಬುದನ್ನು ಅಳೆಯುವ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದನ್ನು ಆ ನಾಲ್ಕು ತಿಂಗಳು ತೋರಿಸಿಕೊಟ್ಟವು.

ಕಲಬುರಗಿಗೆ ಪರಕೀಯವಲ್ಲ

ಇದೆಲ್ಲ ಬೆಂಗಳೂರು, ಸ್ಕಾಟ್ಲೆಂಡಿನ ಮಾತಾಯಿತು, ತೊಗರಿಯ ಕಣಜಕ್ಕೂ ಇದಕ್ಕೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ಹತ್ತಿರದ್ದೇ ಇದೆ.

ವಾಡಿ, ಮಳಖೇಡ, ಸೇಡಂನ ಸಿಮೆಂಟ್ ಕಾರ್ಖಾನೆಗಳಲ್ಲಿ ಮನೆಯೆತ್ತರದ ಫ್ಯಾನುಗಳು ಹಗಲಿರುಳು ತಿರುಗುತ್ತವೆ. ಅವುಗಳ ಅಲಗುಗಳ ಮೇಲೆ ಸಿಮೆಂಟಿನ ಧೂಳು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕೂತರೆ ಫ್ಯಾನ್ ಅದುರತೊಡಗುತ್ತದೆ. ಇಂಥ ಫ್ಯಾನುಗಳ ಬೇರಿಂಗಿನ ಬಳಿ ಕೂರುವುದೂ ಹೆಲಿಕಾಪ್ಟರಿನಲ್ಲಿರುವಂಥದೇ ಹರಳಿನ ಸೆನ್ಸರ್. ಕಾರ್ಖಾನೆಯವರು ‘ವೈಬ್ರೇಶನ್ ಇಷ್ಟು ಮಿಲಿಮೀಟರ್’ ಎನ್ನುತ್ತಾರೆ, ಹ್ಯಾಂಗರಿನವರು ‘ಇಷ್ಟು ಐಪಿಎಸ್’ ಎನ್ನುತ್ತಾರೆ. ಸುತ್ತು ಎಣಿಸುವ ಪಟ್ಟಿ, ಗಡಿಯಾರದ ಕೋನ, ತೂಕದ ಬಿಲ್ಲೆ ಎಲ್ಲವೂ ಎರಡೂ ಕಡೆ ಒಂದೇ. ಸೇಡಂನ ಫ್ಯಾನ್ ಬ್ಯಾಲೆನ್ಸ್ ಮಾಡಿದ ಕೈಗೆ ರೋಟರಿನ ಭಾಷೆ ಕಲಿಯಲು ಹೆಚ್ಚು ದಿನ ಬೇಕಾಗುವುದಿಲ್ಲ.

2019ರ ನವೆಂಬರ್ 22ರಂದು ಶ್ರೀನಿವಾಸ ಸರಡಗಿ ಬಳಿ ಕಲಬುರಗಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಪೈಲಟ್ ತರಬೇತಿಗೂ ಅಲ್ಲಿ ಅವಕಾಶ ಮಾಡಿಕೊಡಲಾಯಿತು. ತರಬೇತಿಯ ಸಣ್ಣ ವಿಮಾನಗಳ ಮೂತಿಯಲ್ಲಿರುವ ಪ್ರೊಪೆಲ್ಲರಿಗೂ ಇದೇ ಸೆನ್ಸರು, ಇದೇ ಪೆಟ್ಟಿಗೆ ಬಳಸಿ ತೂಕ ಹೊಂದಿಸುತ್ತಾರೆ. ತೊಗರಿ ಹೊಲದ ಮೇಲೆ ಔಷಧ ಸಿಂಪಡಿಸುವ ಡ್ರೋನಿನ ಹೊಟ್ಟೆಯಲ್ಲೂ ಅಕ್ಕಿಕಾಳಿನಷ್ಟು ಚಿಕ್ಕ ಅಕ್ಸೆಲೆರೋಮೀಟರ್ ಇದೆ. ಅದರ ಒಂದು ರೆಕ್ಕೆ ಚೂರು ಮುರಿದರೂ ಡ್ರೋನ್ ನಡುಗಿ, ಆ ಸೆನ್ಸರಿನ ಓದು ಕಲಕಿ, ಹಾರಾಟ ಕೆಡುತ್ತದೆ. ಒಂದು ಗ್ರಾಂನ ಬೆಲೆ ಈಗ ರೈತರಿಗೂ ತಿಳಿಯಬೇಕಾದ ವಿಷಯ.

ಭೀಮಾ ಉಕ್ಕಿದಾಗ ಹೆಲಿಕಾಪ್ಟರಿನ ಸದ್ದು ಈ ಭಾಗದ ಜನರ ಬದುಕಿನ ಭಾಗವಾಗುತ್ತದೆ. 2020ರ ಅಕ್ಟೋಬರಿನ ಪ್ರವಾಹದಲ್ಲೂ 2025ರ ಸೆಪ್ಟೆಂಬರಿನ ಪ್ರವಾಹದಲ್ಲೂ ಮುಖ್ಯಮಂತ್ರಿಗಳು ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಮುಳುಗಿದ ಹೊಲಗಳನ್ನು ಮೇಲಿನಿಂದಲೇ ಕಂಡರು. ನೀರಿನ ಮೇಲೆ ತಗ್ಗಿನಲ್ಲಿ ಹಾರುವ ಯಂತ್ರಕ್ಕೆ ಇಳಿಯಲು ಒಣನೆಲ ಸಿಗುವುದು ಕಷ್ಟ. ಅಂಥ ಹೊತ್ತಿನಲ್ಲಿ ನಂಬುಗೆ ಇಡಬೇಕಾದದ್ದು ಹಿಂದಿನ ತಪಾಸಣೆಯಲ್ಲಿ ಯಾರೋ ಒಬ್ಬರು ಬರೆದಿಟ್ಟ ನಾಲ್ಕು ಅಂಕಿಗಳ ಮೇಲೆ.

ಈ ಕಸುಬಿನ ಕೆಲಸ ಕರ್ನಾಟಕದಲ್ಲೇ ಬೆಳೆಯುತ್ತಿದೆ. 2023ರ ಫೆಬ್ರುವರಿ 6ರಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಮೊದಲಿಗೆ ವರ್ಷಕ್ಕೆ 30 ಹೆಲಿಕಾಪ್ಟರ್ ತಯಾರಿಸಿ, ಮುಂದೆ ಹಂತಹಂತವಾಗಿ 90ರವರೆಗೆ ಏರಿಸುವುದು ಅದರ ಗುರಿ. 2025ರ ಮಾರ್ಚಿನಲ್ಲಿ 156 ಪ್ರಚಂಡ ಯುದ್ಧ ಹೆಲಿಕಾಪ್ಟರುಗಳಿಗೆ ರಕ್ಷಣಾ ಸಚಿವಾಲಯ ಎಚ್‌ಎಎಲ್ ಜೊತೆ ಒಪ್ಪಂದ ಮಾಡಿಕೊಂಡಿತು. ಅವು ಬೆಂಗಳೂರು, ತುಮಕೂರುಗಳಲ್ಲೇ ತಯಾರಾಗಬೇಕು. ಅವುಗಳಲ್ಲಿ ಪ್ರತಿಯೊಂದರ ಬ್ಲೇಡುಗಳನ್ನೂ ಒಬ್ಬರು ಹೊಂದಿಸಬೇಕು, ಹಾರಿಸಿ ಅಳೆಯಬೇಕು, ಮುಂದಿನ ಹತ್ತಾರು ವರ್ಷ ನೋಡಿಕೊಳ್ಳಬೇಕು.

ಕಲಬುರಗಿ, ಕಮಲಾಪುರದ ವಿಜ್ಞಾನ ಪಿಯುಸಿ ಮಕ್ಕಳು, ಅವರ ತಂದೆತಾಯಿಗಳು ಈ ದಾರಿಯನ್ನೂ ಒಮ್ಮೆ ನೋಡಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಪಿಯುಸಿ ಮುಗಿಸಿದವರು ವಿಮಾನ ನಿರ್ವಹಣಾ ಎಂಜಿನಿಯರ್ ತರಬೇತಿಗೆ ಸೇರಬಹುದು. ಕೇಂದ್ರ ಸರ್ಕಾರದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಕೊಡುವ ಲೈಸೆನ್ಸುಗಳಲ್ಲಿ ಟರ್ಬೈನ್ ಎಂಜಿನ್ನಿನ ಹೆಲಿಕಾಪ್ಟರುಗಳಿಗೆ ‘ಬಿ1.3’ ಎಂಬ ಪ್ರತ್ಯೇಕ ವರ್ಗವೇ ಇದೆ. ಸೇರುವ ಮುನ್ನ ಆ ತರಬೇತಿ ಸಂಸ್ಥೆಗೆ ನಿರ್ದೇಶನಾಲಯದ ಮಾನ್ಯತೆ ಇದೆಯೇ, ಹೆಲಿಕಾಪ್ಟರ್ ವರ್ಗ ಅಲ್ಲಿ ಕಲಿಸುತ್ತಾರೆಯೇ ಎಂಬ ಎರಡು ವಿಷಯಗಳನ್ನು ನಿರ್ದೇಶನಾಲಯದ ಪಟ್ಟಿಯಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.